ಅಪ್‌ಡೇಟ್: ದುಡ್ಡು ಬಂದು ಆರ್ಡರ್ ವಿವರ ಬಾರದ ಸಮಸ್ಯೆ ಬಗೆಹರಿಯಿತು

ಕೋಲಾರದಿಂದ ಶ್ರೀನಿವಾಸಪುರದ ಮಾವು ಮಾರುವ ನಮ್ಮ ಆನ್‌ಲೈನ್ ಅಂಗಡಿಗೆ ದುಡ್ಡು ಬರುತ್ತಿದೆ, ಆರ್ಡರ್ ಮಾತ್ರ ಖಾಲಿ ಅಂತ ಕೇಳಿದ್ದೆ. ವಿಳಾಸ ಇಲ್ಲ, ರಸಪುರಿನಾ ಬಾದಾಮಿನಾ ಗೊತ್ತಿಲ್ಲ.

ಕಾರಣ ಸಿಕ್ಕಿತು. ಯುಪಿಐ ಆ್ಯಪ್‌ನಲ್ಲಿ ದುಡ್ಡು ಕಟ್ಟಿದ ಗಿರಾಕಿ ನಮ್ಮ ಪುಟಕ್ಕೆ ವಾಪಸ್ ಬಂದರಷ್ಟೇ ಆರ್ಡರ್ ಸೇವ್ ಆಗುತ್ತಿತ್ತು. ಹಸಿರು ಟಿಕ್ ಕಂಡ ಕೂಡಲೇ ಫೋನ್ ಜೇಬಿಗಿಡುವವರೇ ಜಾಸ್ತಿ ಅಲ್ವಾ?

ಈಗ ದುಡ್ಡು ಕಟ್ಟುವ ಮೊದಲೇ ವಿಳಾಸ ಸಮೇತ ಆರ್ಡರ್ 'ಬಾಕಿ' ಅಂತ ಸೇವ್ ಆಗಿ, ಅದರ ನಂಬರ್ ಪೇಮೆಂಟ್ ಗೇಟ್‌ವೇಗೆ (ಗಿರಾಕಿಯ ದುಡ್ಡು ನಮಗೆ ತಲುಪಿಸುವ ಸೇವೆ) ಹೋಗುತ್ತದೆ. ವೆಬ್‌ಹುಕ್ (ದುಡ್ಡು ಬಂತು ಅಂತ ಗೇಟ್‌ವೇ ನಮ್ಮ ಸರ್ವರ್‌ಗೆ ತಾನಾಗಿ ಕಳಿಸುವ ಸಂದೇಶ) ಬಂದಾಗ ಸಿಗ್ನೇಚರ್ (ಸಂದೇಶ ಗೇಟ್‌ವೇಯದ್ದೇ ಅನ್ನೋ ಗುರುತು), ಮೊತ್ತ ಎರಡೂ ತಾಳೆಯಾದರೆ ಮಾತ್ರ ಆರ್ಡರ್ 'ಪಾವತಿ ಆಗಿದೆ' ಅಂತ ಬದಲಾಗುತ್ತದೆ. ಒಂದೇ ವೆಬ್‌ಹುಕ್ ಎರಡು ಸಲ ಬರುವುದುಂಟು. ಪೇಮೆಂಟ್ ಐಡಿ ಆಗಲೇ ಇದ್ದರೆ ಮತ್ತೆ ದಾಖಲಿಸುವುದಿಲ್ಲ.

ಹಳೆಯ ಖಾಲಿ ಆರ್ಡರ್‌ಗಳಿಗೆ ಗೇಟ್‌ವೇಯಲ್ಲಿದ್ದ ನಂಬರಿಗೆ ಫೋನ್ ಮಾಡಿ ವಿಳಾಸ ಪಡೆದೆವು. ಸಿಗದವರಿಗೆ ರೀಫಂಡ್. ವೆಬ್‌ಹುಕ್ ಲಾಗ್ (ಬಂದ ಸಂದೇಶಗಳ ದಾಖಲೆ) ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.