ಟ್ರಿಲಿಯಂ ಹೂವಿಗೆ ಕನ್ನಡದಲ್ಲಿ ಏನನ್ನೋಣ? (ಸ್ವಲ್ಪ ಅರ್ಜೆಂಟು)

ಎಲ್ಲರಿಗೂ ನಮಸ್ಕಾರ. ಶನಿವಾರ ಟೊರಾಂಟೊ ಹತ್ತಿರದ ಕಾಡಿಗೆ ಇಲ್ಲಿನ ಕನ್ನಡ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಅವರಿಗೆ ಕೊಡುವ ಚೀಟಿಯಲ್ಲಿ ಟ್ರಿಲಿಯಂಗೆ ಒಂದು ಕನ್ನಡ ಹೆಸರು ಬೇಕು. 1937ರಿಂದ ಇಲ್ಲಿನ ಒಂಟಾರಿಯೊ ಪ್ರಾಂತ್ಯದ ಲಾಂಛನ ಇದೇ ಹೂವು. ಎಲೆ ಮೂರು, ಎಸಳು ಮೂರು, ಎಸಳಿನ ಕೆಳಗಿನ ಹಸಿರು ಪುಷ್ಪಪತ್ರವೂ ಮೂರು. ಮೇಪಲ್ ಮರಗಳು ಚಿಗುರಿ ನೆರಳು ಕವಿಯುವ ಮೊದಲೇ ಬೆಳ್ಳಗೆ ಅರಳಿ, ದಿನ ಕಳೆದಂತೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಾನು 'ತ್ರಿದಳ' ಅಂತ ಬರೆದಿದ್ದೆ. ಅಮ್ಮ ನೋಡಿ, "ಅಲ್ಲೂ ಬಿಲ್ವಪತ್ರೆ ಸಿಗತ್ತಾ?" ಅಂದರು.

ಮರು:
ಅಮ್ಮ ಹೇಳಿದ್ದೇ ಸರಿ. ತ್ರಿದಳ ಬೇಡ, ಸಂಸ್ಕೃತದ ಹಂಗೇ ಬೇಡ. ಮುಕ್ಕಣ್ಣ, ಮುಮ್ಮಡಿ, ಮುಕ್ಕಾಲು ಇದ್ದ ಹಾಗೆ 'ಮುಪ್ಪಕಳೆ' ಅನ್ನಿ. ನಮ್ಮ ಧಾರವಾಡ ಕಡೆ ಎಸಳಿಗೆ ಪಕಳೆ ಅಂತಲೇ ಅನ್ನುವುದು. ಅಚ್ಚಗನ್ನಡ.

ಮರು:
ಅಚ್ಚಗನ್ನಡವಾ? ಮರಾಠಿಯಲ್ಲಿ ಪಾಕಳಿ ಇದೆ, ಒಮ್ಮೆ ನೋಡಿಕೊಳ್ಳಿ. ಅದಿರಲಿ, ಮುಪ್ಪಕಳೆ ಅಂದರೆ ಮುಪ್ಪಿನ ಕಳೆ ಅಂತ ಓದಿಕೊಳ್ಳುತ್ತಾರೆ, ಪಾಪ ಹೂವು. ಹಿಮಾಚಲದಲ್ಲಿ ಇದೇ ಕುಲದ ಗಿಡಕ್ಕೆ ನಾಗಛತ್ರಿ ಅನ್ನುತ್ತಾರೆ, ಅದನ್ನೇ ತಗೊಳ್ಳಿ.

ಮರು:
ಅದು ಬೇರೆ ಜಾತಿ ಸ್ವಾಮಿ, ಅದರ ಹೂವು ಬಿಳಿಯಲ್ಲ. ಗೆಡ್ಡೆ ಔಷಧಿಗೆ ಆಗುತ್ತದೆ ಅಂತ ಅಗೆದು ಅಗೆದು ಅಲ್ಲಿ ಅದೇ ಕಮ್ಮಿಯಾಗಿದೆ, ಈಗ ಹೆಸರನ್ನೂ ಅಗೆಯೋದಾ? ಸುಮ್ನೆ ಟ್ರಿಲಿಯಂ ಅಂತ ಬರೆಯಿರಿ. ಗುಲಾಬಿ ಪಾರಸಿಯಿಂದ ಬಂತು, ಮೇಲಿನ ಪತ್ರದಲ್ಲಿ ಬಣ್ಣದ ಹೆಸರಾಗಿಯೂ ಕೂತಿದೆ, ಯಾರಾದರೂ ತಕರಾರು ಮಾಡಿದಿರಾ? ಡೇಲಿಯಾವನ್ನು ಡೇಲಿಯಾ ಅಂತಲೇ ಮುಡಿದುಕೊಂಡವರು ನಾವು. ಊರಲ್ಲಿ ಬೆಳೆಯದ ಗಿಡಕ್ಕೆ ಹೆಸರಿಡುವ ಚಟ ಜಾಸ್ತಿಯಾಯಿತು ಇಲ್ಲಿ.

ಮರು:
ಎಲ್ಲರಿಗೂ ಥ್ಯಾಂಕ್ಸ್. 'ಟ್ರಿಲಿಯಂ' ಅಂತ ದಪ್ಪ ಅಕ್ಷರದಲ್ಲಿ, ಕೆಳಗೆ 'ಮೂರೆಸಳ ಹೂವು' ಅಂತ ಹಾಕುತ್ತೇನೆ. ಇನ್ನೊಂದೇ ಪ್ರಶ್ನೆ, ಜಗಳ ಬೇಡ. ಬೀಜ ಬಿದ್ದು ಹೂ ಬಿಡಲು ಇದಕ್ಕೆ ಏಳು ವರ್ಷಕ್ಕೂ ಜಾಸ್ತಿ ಬೇಕು. ಹೂವಿನ ಜೊತೆ ಎಲೆ ಹೋದರೆ ಗೆಡ್ಡೆಗೆ ಊಟವೇ ಇಲ್ಲ. ಹಾಗಾಗಿ ಚೀಟಿಯಲ್ಲಿ 'ಕೊಯ್ಯಬೇಡಿ' ಅಂತ ಬರೆಯಲಾ, 'ಕೀಳಬೇಡಿ' ಅಂತಲಾ? ಕೀಳು ಅಂದರೆ ಬೇರುಸಹಿತ ಅಂದುಕೊಂಡು ಹೂವನ್ನಷ್ಟೇ ಚಿವುಟಿದರೆ ಕಷ್ಟ. ಇವತ್ತು ರಾತ್ರಿ ಪ್ರಿಂಟ್ ಹಾಕಿಸಬೇಕು.

ಮರು:
'ಮುಟ್ಟಬೇಡಿ' ಅಂತ ಬರೆಯಿರಿ. ಮು ಇದೆ, ಧಾರವಾಡದವರಿಗೂ ಸಮಾಧಾನ.