ಮನುಷ್ಯನ ಅರಿವಿಗೆ ಮಿತಿ ಇರುವಾಗ ‘ದೇವರಿಲ್ಲ’ ಅನ್ನುವುದು ತರ್ಕಕ್ಕೆ ನಿಲ್ಲುತ್ತದೆಯೇ?

ಜಿಜ್ಞಾಸು:
ನಮ್ಮ ಇಂದ್ರಿಯ, ಉಪಕರಣ, ಬುದ್ಧಿ ಎಲ್ಲಕ್ಕೂ ಮಿತಿಯಿದೆ. ವಿಶ್ವದಲ್ಲಿ ನಾವು ನೋಡಿರುವುದು ಎಷ್ಟು ಮಹಾ? ಹಾಗಿರುವಾಗ ‘ಕಂಡಿಲ್ಲ’ ಅನ್ನಬಹುದು, ‘ಇಲ್ಲ’ ಅನ್ನುವುದು ಹೇಗೆ? ಯುರೋಪಿನವರು ಹಂಸ ಅಂದರೆ ಬಿಳಿಯೇ ಅಂದುಕೊಂಡಿದ್ದರು. 1697ರಲ್ಲಿ ಆಸ್ಟ್ರೇಲಿಯಾದಲ್ಲಿ ಡಚ್ ನಾವಿಕರಿಗೆ ಕಪ್ಪು ಹಂಸ ಕಂಡಿತು. ನಾಸ್ತಿಕರದೂ ಇದೇ ಅವಸರವಲ್ಲವೇ? ಅಜ್ಞೇಯವಾದ, ಅಂದರೆ ‘ಇದೆಯೋ ಇಲ್ಲವೋ ತಿಳಿಯಲಾಗದು’ ಅನ್ನುವುದು, ಅದೊಂದೇ ಪ್ರಾಮಾಣಿಕ ನಿಲುವು ಅನ್ನಿಸುತ್ತದೆ.

ಪೂರ್ವಪಕ್ಷ:
ಇದನ್ನು ನಮ್ಮ ದರ್ಶನಕಾರರು ಬಹಳ ಹಿಂದೆಯೇ ಎಳೆಎಳೆಯಾಗಿ ಬಿಡಿಸಿದ್ದಾರೆ. ಕುಮಾರಿಲ ಭಟ್ಟನ ಮೀಮಾಂಸಾ ದರ್ಶನದಲ್ಲಿ ಅನುಪಲಬ್ಧಿ, ಅಂದರೆ ಕಾಣದಿರುವುದು, ತಾನೇ ಒಂದು ಪ್ರಮಾಣ, ಅಂದರೆ ಸರಿಯಾದ ಅರಿವಿನ ದಾರಿ. ಆದರೆ ಒಂದು ಷರತ್ತಿದೆ: ವಸ್ತು ಅಲ್ಲಿದ್ದಿದ್ದರೆ ಕಾಣಲೇಬೇಕಿತ್ತು ಅನ್ನುವಂತಿರಬೇಕು. ಬೆಳಕಿರುವ ಕೋಣೆಯ ನೆಲದ ಮೇಲೆ ಕೊಡ ಕಾಣದಿದ್ದರೆ ಕೊಡ ಇಲ್ಲ ಅನ್ನಬಹುದು. ಪಿಶಾಚಿ ಕಾಣದಿದ್ದರೆ ಹಾಗೆ ಅನ್ನಲಾಗದು, ಯಾಕೆಂದರೆ ಅದು ಇದ್ದರೂ ಕಾಣುವಂಥದ್ದಲ್ಲ. ಸುಮಾರು ಸಾವಿರ ವರ್ಷದ ಹಿಂದೆ ನ್ಯಾಯ ದರ್ಶನದ ಉದಯನ ತನ್ನ ‘ನ್ಯಾಯಕುಸುಮಾಂಜಲಿ’ಯ ಮೂರನೇ ಸ್ತಬಕದಲ್ಲಿ (ಅಧ್ಯಾಯದಲ್ಲಿ) ಈಶ್ವರನ ಪರವಾಗಿ ಹಿಡಿದದ್ದು ಇದೇ ಎಳೆಯನ್ನು: ಈಶ್ವರ ಪ್ರತ್ಯಕ್ಷಕ್ಕೆ ಯೋಗ್ಯನಲ್ಲ, ಅಂದರೆ ಇಂದ್ರಿಯಗಳಿಗೆ ಸಿಗುವಂಥವನಲ್ಲ, ಆದ್ದರಿಂದ ಕಾಣದಿರುವುದು ಅಭಾವಕ್ಕೆ ಸಾಕ್ಷಿಯಾಗದು.

ನಿಮ್ಮ ಹಂಸದ ಉದಾಹರಣೆ ಸೋಲುವುದೂ ಇಲ್ಲೇ. ಆಸ್ಟ್ರೇಲಿಯಾದ ಹಂಸ ಯುರೋಪಿನ ಕೆರೆಗಳಲ್ಲಿ ಕಾಣಬೇಕು ಅನ್ನಲು ಕಾರಣವೇ ಇರಲಿಲ್ಲ. 1887ರ ಮೈಕೆಲ್ಸನ್–ಮಾರ್ಲಿ ಪ್ರಯೋಗದ ಜೊತೆ ಹೋಲಿಸಿ. ಬೆಳಕು ಸಾಗಲು ಬೇಕೆಂದು ಆಗ ಊಹಿಸಿದ್ದ ಮಾಧ್ಯಮ, ನಿಶ್ಚಲ ಈಥರ್, ಇದ್ದಿದ್ದರೆ ಉಪಕರಣದಲ್ಲಿ ಮೂಡುವ ಬೆಳಕಿನ ಪಟ್ಟಿಗಳು ಒಂದು ಪಟ್ಟಿಯ ಅಗಲದ 0.4ರಷ್ಟು ಸರಿಯಬೇಕಿತ್ತು. ಕಂಡದ್ದು ಅದರ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಲ್ಲಿ ಕಾಣದಿದ್ದದ್ದೇ ಗಟ್ಟಿ ಸಾಕ್ಷಿ. ವಿಶ್ವವನ್ನೆಲ್ಲ ಜಾಲಾಡಬೇಕಾಗಿ ಬರಲಿಲ್ಲ.

ಇನ್ನು, ‘ಇಲ್ಲ ಎಂಬುದನ್ನು ಸಾಧಿಸಲಾಗದು’ ಎಂಬ ಮಾತೇ ತಪ್ಪು. ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಇಲ್ಲ ಎಂದು ಯೂಕ್ಲಿಡ್ ಒಂದನ್ನೂ ಹುಡುಕದೆ ಸಾಧಿಸಿದ. ದೇವರಿಗೆ ಹಚ್ಚುವ ಗುಣಗಳು ಒಂದಕ್ಕೊಂದು ಹೊಂದದಿದ್ದರೆ ಅಲ್ಲಿ ಅರಿವಿನ ಮಿತಿಯ ಪ್ರಶ್ನೆಯೇ ಏಳುವುದಿಲ್ಲ.

ಸಂಭವಗಣಿತ:
ಇದನ್ನೇ ಅಂಕಿ ಹಾಕಿ ನೋಡಿ. ಲೋಕದಲ್ಲಿ ಕೈಯಾಡಿಸುವ ದೇವರು ಇರುವ ಸಂಭವ ಮೊದಲಿಗೆ 50% ಎಂದುಕೊಳ್ಳಿ. ಇದ್ದರೆ ಸ್ಪಷ್ಟ ಕುರುಹು ಸಿಗುವ ಸಂಭವ 90%. ಇಲ್ಲದಿದ್ದರೂ ಹಾಗೆ ತೋರುವಂಥದ್ದು ಸಿಗುವ ಸಂಭವ 10%. ಹುಡುಕಿದಾಗ ಸಿಗಲಿಲ್ಲ ಅನ್ನಿ. ‘ಇದ್ದೂ ಸಿಗದಿರುವ’ ಸಂಭವ 0.5 × 0.1 = 0.05, ‘ಇಲ್ಲದೆ ಸಿಗದಿರುವ’ ಸಂಭವ 0.5 × 0.9 = 0.45. ಹೊಸ ಸಾಕ್ಷ್ಯ ಬಂದಾಗ ಸಂಭವವನ್ನು ತಿದ್ದುವ ಬೇಯ್ಸ್ ಸೂತ್ರದ ಪ್ರಕಾರ 0.05 ÷ (0.05 + 0.45), ಅಂದರೆ 10%ಕ್ಕೆ ಇಳಿಯಿತು. ಕುರುಹು ಬಿಡದ ದೇವರಾದರೆ, ಇದ್ದರೂ ಇಲ್ಲದಿದ್ದರೂ ಕುರುಹಿನಂತೆ ತೋರುವಂಥದ್ದು ಸಿಗುವ ಸಂಭವ ಒಂದೇ 10%, ಹಾಗಾಗಿ 50% ಇದ್ದಲ್ಲೇ ಉಳಿಯುತ್ತದೆ.

ಎಡವುವುದು ಆರಂಭದ ಅಂಕಿಯಲ್ಲಿ. 99%ರಿಂದ ಹೊರಟರೆ ಇದೇ ಲೆಕ್ಕ ಸುಮಾರು 92%ಕ್ಕೆ ನಿಲ್ಲುತ್ತದೆ, 1%ರಿಂದ ಹೊರಟರೆ 0.1%ರ ಆಸುಪಾಸಿಗೆ. ಒಂದೇ ಸಾಕ್ಷ್ಯ ಮುಂದಿಟ್ಟುಕೊಂಡು ಇಬ್ಬರು ಬುದ್ಧಿವಂತರು ಬೇರೆ ಬೇರೆ ಕಡೆ ತಲುಪುವುದು ಹೀಗೆ.

ಜಿಜ್ಞಾಸು:
ಅಂದರೆ ಅಗೋಚರ ದೇವರ ಮಟ್ಟಿಗೆ 50%, ನನ್ನ ಮಾತೇ ಉಳಿಯಿತಲ್ಲ?

ನೇರನುಡಿ:
ಅರ್ಧ ಉಳಿಯಿತು. ಆದರೆ ಆ 50% ಎಲ್ಲಿಂದ ಬಂತು? ‘ಇದೆ, ಇಲ್ಲ, ಎರಡೇ ಆಯ್ಕೆ, ಆದ್ದರಿಂದ ಅರ್ಧರ್ಧ’ ಅನ್ನುವುದು ಲೆಕ್ಕವಲ್ಲ. ಅಗೋಚರನಾದ ದಯಾಮಯ, ಅಗೋಚರನಾದ ನಿರ್ದಯಿ, ಸೃಷ್ಟಿಸಿ ಮರೆತವನು, ಒಬ್ಬನಲ್ಲ ಇಬ್ಬರು: ಒಂದು ನಿಜವಾದರೆ ಉಳಿದವು ಸುಳ್ಳು. ಪ್ರತಿಯೊಂದಕ್ಕೂ 50% ಕೊಟ್ಟರೆ ಮೊತ್ತ 100% ದಾಟುತ್ತದೆ. ಹಂಚಿಕೊಳ್ಳಲೇಬೇಕು, ಹಂಚಿದಷ್ಟೂ ಒಬ್ಬೊಬ್ಬನ ಪಾಲು ಚಿಕ್ಕದು. ‘ಏನೋ ಒಂದು ಇರಬಹುದು’ ಅನ್ನುವುದು ತೆರೆದೇ ಇರಲಿ. ಇಂಥವನೇ ಇದ್ದಾನೆ ಎಂದು ನಂಬದಿರಲು ಇಷ್ಟು ಸಾಕು. ಈಥರ್ ಇಲ್ಲ ಅನ್ನಲು ನಾವು ನೂರಕ್ಕೆ ನೂರು ಖಚಿತತೆ ಕೇಳಲಿಲ್ಲ, ಇಲ್ಲಿ ಮಾತ್ರ ಕೇಳುವುದು ನ್ಯಾಯವಲ್ಲ.

ಮಿತಿಯ ವಾದ ಎರಡೂ ಕಡೆ ಕೊಯ್ಯುತ್ತದೆ ಎಂಬುದನ್ನೂ ಗಮನಿಸಿ. ದೇವರ ಉದ್ದೇಶ ನಮ್ಮ ಬುದ್ಧಿಗೆ ನಿಲುಕದು ಅಂದಮೇಲೆ ಅವನು ಒಳ್ಳೆಯವನು, ಮೊರೆ ಕೇಳುತ್ತಾನೆ ಎಂದು ಹೇಳಲೂ ನಿಲುಕದು. ಇಲ್ಲಿ ಆಗಾಗ ಒಂದು ಎಡವಟ್ಟಾಗುತ್ತದೆ: ಪರೀಕ್ಷೆಯಲ್ಲಿ ಸೋತಾಗಲೆಲ್ಲ ಒಂದೊಂದು ಗುಣ ಕಳಚಿ, ಕೊನೆಗೆ ಯಾರೂ ಪೂಜಿಸದ ದೇವರನ್ನು ಉಳಿಸಿಕೊಳ್ಳುತ್ತಾರೆ. ಹಾಗಾಗಿ ಮುಂದಿನ ಪೋಸ್ಟಿನಲ್ಲಿ ಮೊದಲು ಇಷ್ಟು ಬರೆಯಿರಿ: ನಿಮ್ಮ ದೇವರು ಲೋಕದಲ್ಲಿ ಏನಾದರೂ ಮಾಡುತ್ತಾನೆಯೇ? ಮಾಡಿದರೆ, ಎಲ್ಲಿ ನೋಡಿದರೆ ಅದು ಕಾಣಬೇಕು?