ಪಾರಿವಾಳ ಕ್ಯಾನ್ಸರ್ ಗುರುತಿಸುತ್ತದಂತೆ, ನಿಜಾನಾ?

ಕುತೂಹಲಿ:
ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಪಾರಿವಾಳಗಳಿಗೆ ಸ್ತನ ಕ್ಯಾನ್ಸರ್ ಪತ್ತೆ ಹಚ್ಚೋದನ್ನ ಕಲಿಸಿದ್ದಾರಂತೆ. ನಾನು ಸುಮ್ನೆ ಇರದೆ ‘ಸುಳ್ಳು ಸುದ್ದಿ’ ಅಂತ ಹಾಕಿದೆ, ಚಿಕ್ಕಪ್ಪನಿಗೆ ಸಿಟ್ಟು ಬಂದಿದೆ. ಗೊತ್ತಿದ್ದವರು ಹೇಳಿ. ಇಂಥ ವಿಚಿತ್ರ ಸಂಶೋಧನೆ ಬೇರೆ ಇದ್ದರೂ ಹಾಕಿ.

ಸ್ಲೈಡ್_ಸೀನ:
ಚಿಕ್ಕಪ್ಪನಿಗೆ ಸಾರಿ ಹೇಳಿಬಿಡಿ. 2015ರಲ್ಲಿ ಅಮೆರಿಕದ ರಿಚರ್ಡ್ ಲೆವೆನ್ಸನ್, ಎಡ್ವರ್ಡ್ ವಾಸರ್‌ಮನ್ ತಂಡ ಮಾಡಿದ ಪ್ರಯೋಗ ಅದು. ಟಚ್‌ಸ್ಕ್ರೀನಿನಲ್ಲಿ ಬಯಾಪ್ಸಿ ಸ್ಲೈಡಿನ (ಸ್ತನದಿಂದ ತೆಗೆದ ಚೂರನ್ನು ಗಾಜಿನ ಮೇಲಿಟ್ಟದ್ದು) ಚಿತ್ರ, ಪಕ್ಕದಲ್ಲಿ ಎರಡು ಬಣ್ಣದ ಪಟ್ಟಿ, ಕ್ಯಾನ್ಸರ್ ಆದರೆ ಒಂದನ್ನು ಅಲ್ಲದಿದ್ದರೆ ಇನ್ನೊಂದನ್ನು ಕುಕ್ಕಬೇಕು, ಸರಿಯಾದರೆ ತಿನ್ನೋಕೆ ಸಿಗುತ್ತದೆ. ಶುರುವಿನಲ್ಲಿ ಅರ್ಧಕ್ಕರ್ಧ ತಪ್ಪು. ಸುಮಾರು ಎರಡು ವಾರಕ್ಕೆ ಶೇ. 85 ಸರಿ! ಹಿಂದೆ ನೋಡದ ಸ್ಲೈಡಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. 4 ಹಕ್ಕಿಗಳ ಉತ್ತರ ಕೂಡಿಸಿದರೆ ಶೇ. 99. ಆದರೆ ಮ್ಯಾಮೊಗ್ರಾಮಿನ (ಸ್ತನದ ಎಕ್ಸ್‌ರೇ) ಗಡ್ಡೆಗಳ ವಿಷಯದಲ್ಲಿ ಬರೀ ಬಾಯಿಪಾಠ, ಹೊಸ ಚಿತ್ರ ಕೊಟ್ಟರೆ ತಬ್ಬಿಬ್ಬು.

ಕರಿಯನ_ಅಮ್ಮ:
ನನಗೆ ಇದಕ್ಕಿಂತ ಆಶ್ಚರ್ಯ ಆಗಿದ್ದು ನಾಯಿಗಳದ್ದು. ನಮ್ಮ ಬೀದಿಯ ಕರಿಯನಿಗೆ ಮೂತ್ರ ಮಾಡುವ ಜಾಗದಿಂದ ರಕ್ತ ತೊಟ್ಟಿಕ್ಕುತ್ತಿತ್ತು, ನೋಡಿದರೆ ಹೂಕೋಸಿನಂಥ ಗಡ್ಡೆ. ಇದು ಬೇರೆ ನಾಯಿಯಿಂದ ಅಂಟಿದ ಕ್ಯಾನ್ಸರ್ ಅಂದರು ಡಾಕ್ಟರು. ವೈರಸ್ ಅಲ್ಲ, ನಾಯಿಗಳು ಕೂಡುವಾಗ ಕ್ಯಾನ್ಸರ್ ಕೋಶಗಳೇ ಆ ಮೈಯಿಂದ ಈ ಮೈಗೆ ದಾಟಿ ಬೆಳೆಯುತ್ತವಂತೆ. 2019ರ ಅಧ್ಯಯನದಲ್ಲಿ 43 ದೇಶಗಳ 546 ಗಡ್ಡೆಗಳ ಡಿಎನ್‌ಎ ನೋಡಿದ್ದಾರೆ. ಎಲ್ಲದರ ಮೂಲ ಒಂದೇ ನಾಯಿ, ಅದು ಇದ್ದದ್ದು 4,000ದಿಂದ 8,500 ವರ್ಷಗಳ ಹಿಂದೆ, ಬಹುಶಃ ಏಷ್ಯಾದಲ್ಲಿ. ನಾಯಿ ಯಾವತ್ತೋ ಸತ್ತಿತು, ಅದರ ಗಡ್ಡೆ ಇನ್ನೂ ಊರೂರು ಸುತ್ತುತ್ತಿದೆ ನೋಡಿ! ಕರಿಯನಿಗೆ ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಡಿಸಿದೆವು, ಐದನೇ ವಾರಕ್ಕೆ ಗಡ್ಡೆ ಮಾಯ. ಈಗ ಮತ್ತೆ ಬೈಕುಗಳ ಹಿಂದೆ ಓಡುತ್ತಾನೆ.

ಹಿತ್ತಲ_ಗಿಡ:
ಆ ವಿನ್‌ಕ್ರಿಸ್ಟಿನ್ ಬರೋದು ನಮ್ಮ ನಿತ್ಯಪುಷ್ಪದಿಂದ, ಅಂಗಳದಲ್ಲಿ ತಾನಾಗಿ ಹುಟ್ಟುತ್ತಲ್ಲ, ಅದೇ. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿ ರಾಬರ್ಟ್ ನೋಬಲ್‌ಗೆ ಜಮೈಕಾದಿಂದ ಇದರ ಎಲೆ ಬಂತು, ಅಲ್ಲಿ ಶುಗರಿಗೆ ಕಷಾಯ ಕುಡಿಯುತ್ತಿದ್ದರು. ಇಲಿಗಳಿಗೆ ಕೊಟ್ಟರೆ ಶುಗರ್ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು. ಬಿಳಿ ರಕ್ತಕಣ ವಿಪರೀತ ಜಾಸ್ತಿಯಾಗೋದೇ ರಕ್ತದ ಕ್ಯಾನ್ಸರ್ ಅಲ್ವಾ? ಅಲ್ಲಿಂದ ವಿನ್‌ಬ್ಲಾಸ್ಟಿನ್ ಅನ್ನೋ ಕ್ಯಾನ್ಸರ್ ಔಷಧಿ ಬಂತು, ಆಮೇಲೆ ವಿನ್‌ಕ್ರಿಸ್ಟಿನ್. ಮಕ್ಕಳ ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಕೊಡುತ್ತಾರೆ. ಮನೆಯಲ್ಲಿ ಎಲೆ ಅರೆದು ಕುಡಿಯೋಕೆ ಹೋಗಬೇಡಿ, ವಿಷ.

ಕುತೂಹಲಿ:
ಚಿಕ್ಕಪ್ಪನಿಗೆ ಸಾರಿ ಹಾಕಿದೆ. ಖುಷಿಯಾಗಿ ನಿತ್ಯಪುಷ್ಪದ ಕಷಾಯದ ಫಾರ್ವರ್ಡ್ ಕಳಿಸಿದ್ದಾರೆ. ಈ ಸಲ ನೀವೇ ಯಾರಾದರೂ ಬಂದು ಹೇಳಿ.